ಬ್ಯಾರಿ ಕ್ಲೋಸ್

ಸರ್ ಬ್ಯಾರಿ ಕ್ಲೋಸ್ (1756–1813) ಈಸ್ಟ್ ಇಂಡಿಯಾ ಕಂಪನಿಯ ಮದರಾಸು ಸೇನೆಯ ಅಧಿಕಾರಿ ಹಾಗೂ ರಾಜನೀತಿಜ್ಞ. ಟಿಪ್ಪು ಸುಲ್ತಾನನ ಪತನದ ನಂತರ, 1799ರಲ್ಲಿ, ಮೈಸೂರು ಸಂಸ್ಥಾನಕ್ಕೆ ನೇಮಕಗೊಂಡ ಮೊದಲ ಬ್ರಿಟಿಷ್ ರೆಸಿಡೆಂಟ್ ಈತ. ಇಂದಿನ ರಾಮನಗರ ಪಟ್ಟಣವನ್ನು ಸುಮಾರು ಒಂದೂವರೆ ಶತಮಾನ ಕಾಲ ಕ್ಲೋಸ್‌ಪೇಟೆ ಎಂದು ಕರೆಯುತ್ತಿದ್ದುದು ಈತನ ಹೆಸರಿನಿಂದಲೇ. ಊರಿನ ಹೆಸರು ಬದಲಾಯಿತು. ಆದರೆ ಆ ಊರನ್ನು ಸುತ್ತುವರಿದ ಬೆಟ್ಟಸಾಲಿನ ಶಿಲೆಗೆ ಭೂವಿಜ್ಞಾನಿಗಳು ಇಟ್ಟ ಕ್ಲೋಸ್‌ಪೇಟೆ ಗ್ರಾನೈಟ್ ಎಂಬ ಹೆಸರು ಮಾತ್ರ ಬದಲಾಗದೆ ಭೂವಿಜ್ಞಾನದ ನಕ್ಷೆಗಳಲ್ಲಿಯೂ ಗ್ರಂಥಗಳಲ್ಲಿಯೂ ಇಂದಿಗೂ ಉಳಿದಿದೆ.

ಕ್ಲೋಸ್ ಎಂಬುದು ಇಲ್ಲಿ ವ್ಯಕ್ತಿಯ ಮನೆತನದ ಹೆಸರು. ಮುಚ್ಚು ಎಂಬರ್ಥದ ಇಂಗ್ಲಿಷ್ ಕ್ರಿಯಾಪದಕ್ಕೂ ಇದಕ್ಕೂ ಸಂಬಂಧವಿಲ್ಲ. ಬಾಗಿಲು ಮುಚ್ಚಿದ ಪೇಟೆಯೆಂದು ವಿದ್ಯಾರ್ಥಿಗಳು ಅರ್ಥ ಮಾಡಿಕೊಳ್ಳುವುದುಂಟಾದ್ದರಿಂದ ಈ ಮಾತನ್ನು ಮೊದಲಿಗೇ ಹೇಳಬೇಕಾಗಿದೆ.

ಆರಂಭಿಕ ಜೀವನ

ಬ್ಯಾರಿ ಕ್ಲೋಸ್ ಐರ್ಲೆಂಡಿನ ಆರ್ಮಾ ಪ್ರಾಂತ್ಯದ ಜಮೀನುದಾರ ಮನೆತನವೊಂದರಲ್ಲಿ ಜನಿಸಿದ. ತಂದೆ ಮ್ಯಾಕ್ಸ್‌ವೆಲ್ ಕ್ಲೋಸ್. ಆ ಕಾಲದ ಐರಿಷ್ ಹಾಗೂ ಸ್ಕಾಟಿಷ್ ಮನೆತನಗಳ ಕಿರಿಯ ಮಕ್ಕಳು ಕಂಪನಿಯ ಸೇನೆಗೆ ಸೇರಿ ಭಾರತಕ್ಕೆ ಹೊರಡುವುದು ಸಾಮಾನ್ಯವಾಗಿತ್ತು. ಕ್ಲೋಸ್ ಕೂಡ 1771ರಲ್ಲಿ, ಇನ್ನೂ ಹದಿನೈದರ ಆಸುಪಾಸಿನ ಹುಡುಗನಾಗಿದ್ದಾಗ, ಮದರಾಸು ಸೇನೆಗೆ ಕೆಡೆಟ್ ಆಗಿ ಸೇರಿದ. ಮುಂದೆ ಸಿಪಾಯಿ ದಳವೊಂದರ ಅಡ್ಜುಟೆಂಟ್ ಆದ. ಹೈದರಾಲಿಯ ಸೇನೆ ಮಲಬಾರಿನ ತಲಚೇರಿಯನ್ನು ಮುತ್ತಿದ್ದಾಗ ಆ ಕೋಟೆಯ ರಕ್ಷಣೆಯಲ್ಲಿ ಪಾಲ್ಗೊಂಡಿದ್ದ.

ಸೇನೆಯಲ್ಲಿ ಈತನನ್ನು ಇತರರಿಂದ ಬೇರೆಯಾಗಿಸಿದ್ದು ಕತ್ತಿಗಿಂತ ಹೆಚ್ಚಾಗಿ ಭಾಷೆ. ಪಾರ್ಸಿ, ಅರಬ್ಬಿ ಮತ್ತು ಹಿಂದೂಸ್ತಾನಿ ಭಾಷೆಗಳನ್ನು ಕಲಿತಿದ್ದ ಕಾರಣ ಯುದ್ಧವಿಲ್ಲದ ದಿನಗಳಲ್ಲಿ ಸಂಧಾನದ ಕೆಲಸಗಳು ಈತನ ಪಾಲಿಗೆ ಬರತೊಡಗಿದವು. ದೇಶೀಯ ದರ್ಬಾರುಗಳ ವ್ಯವಹಾರವೆಲ್ಲ ಪಾರ್ಸಿಯಲ್ಲಿ ನಡೆಯುತ್ತಿದ್ದ ಕಾಲದಲ್ಲಿ ದುಭಾಷಿಯ ಹಂಗಿಲ್ಲದೆ ಮಾತನಾಡಬಲ್ಲ ಅಧಿಕಾರಿಗೆ ಎಷ್ಟು ಬೆಲೆಯಿತ್ತೆಂಬುದನ್ನು ಊಹಿಸಬಹುದು.

ಮೈಸೂರು ಯುದ್ಧಗಳು

ಮೂರನೆಯ ಮೈಸೂರು ಯುದ್ಧದಲ್ಲಿ (1790–92) ಕ್ಲೋಸ್ ಉಪ ಅಡ್ಜುಟೆಂಟ್ ಜನರಲ್ ಪದವಿಯಲ್ಲಿದ್ದ. ಈ ಯುದ್ಧದಲ್ಲಿಯೇ ಇಂದಿನ ಮಾಗಡಿ, ರಾಮನಗರ ಸೀಮೆಯ ಬೆಟ್ಟದ ಕೋಟೆಗಳು ಮೊದಲ ಬಾರಿಗೆ ಇಂಗ್ಲಿಷರ ಬರವಣಿಗೆಯಲ್ಲಿ ವಿಸ್ತಾರವಾಗಿ ಕಾಣಿಸಿಕೊಂಡವು. ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಹೋಗುವ ಸೇನೆಯ ಬೆನ್ನಿಗೆ ಈ ಕೋಟೆಗಳು ಟಿಪ್ಪುವಿನ ಕೈಯಲ್ಲಿರುವವರೆಗೆ ಧಾನ್ಯದ ಎತ್ತುಗಳು ಸುರಕ್ಷಿತವಾಗಿ ಸಾಗುವಂತಿರಲಿಲ್ಲ. ಗವರ್ನರ್ ಜನರಲ್ ಕಾರ್ನ್‌ವಾಲಿಸ್‌ನ ಸೇನೆ 1791ರ ಡಿಸೆಂಬರ್ 21ರಂದು ಸಾವನದುರ್ಗವನ್ನು ಹಿಡಿಯಿತು. ಮಾಗಡಿ ಕೆಂಪೇಗೌಡರ ವಂಶದ ಆಸರೆಯಾಗಿದ್ದು 1728ರಲ್ಲಿ ಮೈಸೂರಿನ ದಳವಾಯಿಗಳ ವಶವಾದ ದುರ್ಗವಿದು. ಸಾವನದುರ್ಗ ಬಿದ್ದ ಸುದ್ದಿ ತಲುಪಿದ ಕೆಲವೇ ದಿನಗಳಲ್ಲಿ ರಾಮಗಿರಿ ಮತ್ತು ಶಿವನಗಿರಿಯ ಕಾವಲು ಪಡೆಗಳೂ ಶರಣಾದವು.

ಸೇನೆಯ ಜೊತೆಗಿದ್ದ ಚಿತ್ರಕಾರ ರಾಬರ್ಟ್ ಹೋಮ್ ಈ ಬೆಟ್ಟಗಳ ಚಿತ್ರಗಳನ್ನು ಬರೆದು 1794ರಲ್ಲಿ ಪ್ರಕಟಿಸಿದ. ಸಾವನದುರ್ಗ ಅಲ್ಲಿ ಸೆವೆನ್‌ಡ್ರೂಗ್ ಆಯಿತು, ರಾಮಗಿರಿ ರಾಮ್‌ಘೆರಿಯಾಯಿತು. ಕಿವಿಗೆ ಬಿದ್ದಂತೆ ಬರೆದುಕೊಂಡ ಹೆಸರುಗಳಿವು. ಹೊಸ ಹೆಸರಿಡುವ ಕೆಲಸ ಆಗಿನ್ನೂ ಆರಂಭವಾಗಿರಲಿಲ್ಲ.

ನಾಲ್ಕನೆಯ ಯುದ್ಧದ ಹೊತ್ತಿಗೆ ಕ್ಲೋಸ್ ಲೆಫ್ಟಿನೆಂಟ್ ಕರ್ನಲ್ ಆಗಿದ್ದು, ಜನರಲ್ ಹ್ಯಾರಿಸ್‌ನ ಸೇನೆಗೆ ಅಡ್ಜುಟೆಂಟ್ ಜನರಲ್ ಆಗಿದ್ದ. ಈ ಸಲ ಸೇನೆ ಚನ್ನಪಟ್ಟಣದ ಹೆದ್ದಾರಿಯನ್ನು ಬಿಟ್ಟು ಕಾನಕಾನಹಳ್ಳಿಯ, ಎಂದರೆ ಇಂದಿನ ಕನಕಪುರದ, ಮಾರ್ಗವಾಗಿ ಮಳವಳ್ಳಿಯತ್ತ ಸಾಗಿತು. ಶತ್ರುವಿಗೆ ಆಶ್ರಯವಾಗಬಾರದೆಂದು ಟಿಪ್ಪು ಕಾನಕಾನಹಳ್ಳಿಯನ್ನು ಎರಡು ಬಾರಿ ಹಾಳುಗೆಡವಿದ್ದನೆಂದು ಗೆಜೆಟಿಯರ್ ಹೇಳುತ್ತದೆ. ಯುದ್ಧದ ಇತಿಹಾಸಗಳು ಜಯಾಪಜಯಗಳ ಲೆಕ್ಕ ಬರೆಯುತ್ತವೆ. ದಾರಿಯಲ್ಲಿದ್ದುದೇ ತಪ್ಪಾಗಿ ಎರಡು ಬಾರಿ ಮನೆ ಕಳೆದುಕೊಂಡ ಈ ಊರಿನವರ ಲೆಕ್ಕ ಎಲ್ಲಿಯೂ ಸಿಗುವುದಿಲ್ಲ. ಮಾರ್ಚ್ 27ರಂದು ಮಳವಳ್ಳಿಯಲ್ಲಿ ಕದನ ನಡೆಯಿತು. ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಮಡಿದ.

ಮೈಸೂರಿನ ರೆಸಿಡೆಂಟ್

ಗೆದ್ದ ರಾಜ್ಯವನ್ನು ಏನು ಮಾಡಬೇಕೆಂಬುದನ್ನು ನಿರ್ಧರಿಸಲು ನೇಮಕವಾದ ಆಯೋಗದಲ್ಲಿ ಜನರಲ್ ಹ್ಯಾರಿಸ್, ಆರ್ಥರ್ ವೆಲ್ಲೆಸ್ಲಿ, ಹೆನ್ರಿ ವೆಲ್ಲೆಸ್ಲಿ, ಕರ್ಕ್‌ಪ್ಯಾಟ್ರಿಕ್ ಅವರೊಡನೆ ಕ್ಲೋಸ್ ಕೂಡ ಸದಸ್ಯನಾಗಿದ್ದ. ಜಾನ್ ಮಾಲ್ಕಮ್ ಮತ್ತು ಥಾಮಸ್ ಮನ್ರೋ ಇದರ ಕಾರ್ಯದರ್ಶಿಗಳು. ರಾಜ್ಯದ ಅಂಚಿನ ಭಾಗಗಳನ್ನು ಕಂಪನಿಯೂ ನಿಜಾಮನೂ ಹಂಚಿಕೊಂಡು, ನಡುವಿನ ಭಾಗವನ್ನು ಹಳೆಯ ಒಡೆಯರ ವಂಶಕ್ಕೆ ಮರಳಿಸುವುದೆಂದು ತೀರ್ಮಾನವಾಯಿತು. ಇನ್ನೂ ಐದು ತುಂಬದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ 1799ರ ಜೂನ್ 30ರಂದು ಮೈಸೂರಿನಲ್ಲಿ ಪಟ್ಟಾಭಿಷೇಕವಾಯಿತು. ಜುಲೈ 8ರ ಒಪ್ಪಂದದಂತೆ ಸಂಸ್ಥಾನವು ವರ್ಷಕ್ಕೆ 7 ಲಕ್ಷ ವರಹಗಳನ್ನು ಕಂಪನಿಗೆ ಕೊಡಬೇಕಾಗಿತ್ತು. ಟಿಪ್ಪುವಿನ ಆಡಳಿತದಲ್ಲಿ ಹಣಕಾಸು ನೋಡಿಕೊಂಡಿದ್ದ ಪೂರ್ಣಯ್ಯ ದಿವಾನರಾದರು. ಕ್ಲೋಸ್ ರೆಸಿಡೆಂಟ್ ಆದ.

ಬಾಲಕ ಅರಸು, ಸೋತ ಪಕ್ಷದಿಂದ ಬಂದ ದಿವಾನ, ಗೆದ್ದ ಪಕ್ಷದ ರೆಸಿಡೆಂಟ್. ಈ ಮೂವರ ನಡುವೆ ಅಧಿಕಾರ ಎಲ್ಲಿತ್ತೆಂಬುದರಲ್ಲಿ ಸಂದೇಹವಿಲ್ಲ. ಆದರೂ ದಿನನಿತ್ಯದ ಆಡಳಿತ ನಡೆದದ್ದು ಪೂರ್ಣಯ್ಯನವರ ಕೈಯಿಂದ. ಶ್ರೀರಂಗಪಟ್ಟಣದಲ್ಲಿ ಸೇನಾಧಿಪತಿಯಾಗಿದ್ದ ಆರ್ಥರ್ ವೆಲ್ಲೆಸ್ಲಿ ಮತ್ತು ಕ್ಲೋಸ್ ನಡುವೆ ಆಪ್ತವಾದ ಪತ್ರವ್ಯವಹಾರವಿತ್ತು. ಮುಂದೆ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಎಂದು ಪ್ರಸಿದ್ಧನಾದ ವೆಲ್ಲೆಸ್ಲಿಯ ಪ್ರಕಟಿತ ಪತ್ರಸಂಪುಟಗಳಲ್ಲಿ ಕ್ಲೋಸ್‌ಗೆ ಬರೆದ ಕಾಗದಗಳು ಬಹುಸಂಖ್ಯೆಯಲ್ಲಿವೆ. 1800ರಲ್ಲಿ ಧೋಂಡಿಯಾ ವಾಘನನ್ನು ಬೆನ್ನಟ್ಟಿ ವೆಲ್ಲೆಸ್ಲಿ ಉತ್ತರಕ್ಕೆ ಹೋದಾಗ ಮೈಸೂರಿನ ಕಡೆಯಿಂದ ಸೇನೆಗೆ ಬೇಕಾದ ಸರಬರಾಜಿನ ಹೊಣೆ ಪೂರ್ಣಯ್ಯ ಮತ್ತು ಕ್ಲೋಸ್ ಅವರದಾಗಿತ್ತು.

ಕ್ಲೋಸ್‌ಪೇಟೆಯ ಹುಟ್ಟು

ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಹೋಗುವ ಹೆದ್ದಾರಿ ಬಿಡದಿಯನ್ನು ದಾಟಿ ಅರ್ಕಾವತಿಯ ದಡಕ್ಕೆ ಬರುವಾಗ ಬೆಟ್ಟಗಳ ನಡುವೆ ನುಸುಳುತ್ತದೆ. ಇಂದು ರೈಲಿನಲ್ಲಿ ಕುಳಿತವರಿಗೆ ಅದು ಕಣ್ತುಂಬುವ ನೋಟ. 1800ರಲ್ಲಿ ಅದು ದಟ್ಟವಾದ ಕುರುಚಲು ಕಾಡು. ಎರಡು ಯುದ್ಧಗಳ ನಂತರ ಹಳ್ಳಿಗಳು ಬರಿದಾಗಿದ್ದವು. ದಾರಿಹೋಕರಿಗೆ ಕಳ್ಳರ ಭಯವೂ ಕಾಡುಮೃಗಗಳ ಭಯವೂ ಇತ್ತು. ದಾರಿಯನ್ನು ಸುರಕ್ಷಿತಗೊಳಿಸುವ ಸಲುವಾಗಿ ದಿವಾನ್ ಪೂರ್ಣಯ್ಯನವರು 1800ರಲ್ಲಿ ಇಲ್ಲಿ ಒಂದು ಪೇಟೆಯನ್ನು ಕಟ್ಟಿಸಿ ಜನರನ್ನು ನೆಲೆಗೊಳಿಸಿದರು. ರೆಸಿಡೆಂಟನ ಗೌರವಾರ್ಥ ಅದಕ್ಕೆ ಕ್ಲೋಸ್‌ಪೇಟೆ ಎಂದು ಹೆಸರಿಟ್ಟರು. ಟಿಪ್ಪುವಿನ ಕಾಲದಲ್ಲಿ ಈ ಸ್ಥಳಕ್ಕೆ ಶಂಸೇರಾಬಾದ್ ಎಂಬ ಹೆಸರಿತ್ತೆಂಬ ಪ್ರತೀತಿಯಿದೆ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಕ್ಲೋಸ್ ತನ್ನ ಹೆಸರನ್ನು ತಾನೇ ಇಟ್ಟುಕೊಂಡವನಲ್ಲ. ಹೆಸರು ಬಂದದ್ದು ದೇಶೀಯ ದಿವಾನರಿಂದ. ಶ್ರೀರಂಗಪಟ್ಟಣದ ಬಳಿ ಕಾವೇರಿಗೆ 1804ರಲ್ಲಿ ಕಟ್ಟಿಸಿದ ಕಲ್ಲಿನ ಸೇತುವೆಗೂ ಪೂರ್ಣಯ್ಯನವರು ಗವರ್ನರ್ ಜನರಲ್ ವೆಲ್ಲೆಸ್ಲಿಯ ಹೆಸರನ್ನೇ ಕೊಟ್ಟರು. ಇದನ್ನು ದಾಸ್ಯಬುದ್ಧಿಯೆಂದು ತಳ್ಳಿಹಾಕುವವರಿದ್ದಾರೆ. ಕಂಪನಿಯ ಕೃಪೆಯಿಂದ ಉಳಿದಿದ್ದ ಸಂಸ್ಥಾನವೊಂದನ್ನು ನಡೆಸುತ್ತಿದ್ದ ಆಡಳಿತಗಾರನಿಗೆ ಹೆಸರೆಂಬುದು ಖರ್ಚಿಲ್ಲದ ಕಾಣಿಕೆಯಾಗಿತ್ತು ಎಂದು ನೋಡುವುದು ಹೆಚ್ಚು ನ್ಯಾಯವಾದೀತು. ಪೇಟೆ ಮಾತ್ರ ನಿಜವಾಗಿ ಬೇಕಾಗಿದ್ದ ಪೇಟೆ, ಬೆಳೆದು ತಾಲ್ಲೂಕು ಕೇಂದ್ರವಾಯಿತು.

ಆಗ ಕ್ಲೋಸ್ ಇನ್ನೂ ಲೆಫ್ಟಿನೆಂಟ್ ಕರ್ನಲ್. ಸರ್ ಎಂಬ ಬಿರುದು ಸೇರಿದ್ದು ಹನ್ನೆರಡು ವರ್ಷಗಳ ನಂತರ. ಸರ್ ಬ್ಯಾರಿ ಕ್ಲೋಸ್‌ನ ಹೆಸರಿನಲ್ಲಿ 1800ರಲ್ಲಿ ಊರು ಕಟ್ಟಲಾಯಿತೆಂದು ಬರೆಯುವುದು ರೂಢಿಯಾಗಿದ್ದರೂ ಕಾಲಗಣನೆಗೆ ಹೊಂದುವುದಿಲ್ಲ.

ಬೆಟ್ಟಗಳಿಗೆ ಹೆಸರಿರಲಿಲ್ಲವೆಂದಲ್ಲ. ಊರಿನ ಸುತ್ತಲ ಏಳು ಬೆಟ್ಟಗಳನ್ನು ಶಿವರಾಮಗಿರಿ, ಸೋಮಗಿರಿ, ಕೃಷ್ಣಗಿರಿ, ಯತಿರಾಜಗಿರಿ, ರೇವಣಸಿದ್ಧೇಶ್ವರ ಬೆಟ್ಟ, ಸಿಡಿಲಕಲ್ಲು, ಜಲಸಿದ್ಧೇಶ್ವರ ಎಂದು ಜನ ಗುರುತಿಸುತ್ತಾರೆ. ಶೈವ, ವೈಷ್ಣವ ಎರಡೂ ನೆನಪುಗಳು ಈ ಪಟ್ಟಿಯಲ್ಲಿ ಬೆರೆತಿವೆ. ಸಿಡಿಲಕಲ್ಲಿನಂತಹ ಹೆಸರು ಯಾವ ಮತಕ್ಕೂ ಸೇರದೆ ಕಂಡದ್ದನ್ನು ಹೇಳುತ್ತದೆ. ಪೂರ್ಣಯ್ಯನವರು ಹೆಸರಿಟ್ಟದ್ದು ಪೇಟೆಗೆ ಮಾತ್ರ, ಬೆಟ್ಟಗಳಿಗಲ್ಲ.

ಕ್ಲೋಸ್‌ನ ಕಾಲದ ಸರ್ವೆಗಳು

ಕ್ಲೋಸ್ ರೆಸಿಡೆಂಟ್ ಆಗಿದ್ದ ಸುಮಾರು ಎರಡು ವರ್ಷಗಳು ಕನ್ನಡ ನಾಡನ್ನು ಅಳೆಯುವ ಕೆಲಸ ಆರಂಭವಾದ ವರ್ಷಗಳೂ ಹೌದು. ಕಾಲಿನ್ ಮೆಕೆಂಜಿ ಮೈಸೂರು ಸರ್ವೆಗೆ ತೊಡಗಿದ್ದು ಇದೇ ಸಮಯದಲ್ಲಿ. ಸುಮಾರು ಒಂದು ದಶಕದಲ್ಲಿ 40,000 ಚದರ ಮೈಲಿಗಳಷ್ಟು ಪ್ರದೇಶ ನಕ್ಷೆಗೆ ಬಂದಿತು. ಮೆಕೆಂಜಿಯ ಸಹಾಯಕರಾಗಿದ್ದ ಕಾವಲಿ ಬೊರಯ್ಯ, ಲಕ್ಷ್ಮಯ್ಯ ಮುಂತಾದವರು ಊರೂರಿನ ಕೈಫಿಯತ್ತುಗಳನ್ನು, ಎಂದರೆ ಸ್ಥಳದ ಹೆಸರು, ಪಾಳೆಯಗಾರರ ವಂಶ, ದೇವಾಲಯಗಳ ವೃತ್ತಾಂತಗಳನ್ನು, ಸಂಗ್ರಹಿಸಿದರು. ವಿಲಿಯಂ ಲ್ಯಾಂಬ್ಟನ್ ತ್ರಿಕೋನಮಿತಿ ಸರ್ವೆಯ ಮೊದಲ ಆಧಾರರೇಖೆಯನ್ನು 1800ರಲ್ಲಿ ಬೆಂಗಳೂರಿನ ಬಳಿ, 100 ಅಡಿಯ ಉಕ್ಕಿನ ಸರಪಳಿಯಿಂದ ಅಳೆದ. ಅದೇ ವರ್ಷ ಫ್ರಾನ್ಸಿಸ್ ಬುಕಾನನ್ ಕೃಷಿ, ಕೈಗಾರಿಕೆಗಳ ವಿವರ ಸಂಗ್ರಹಿಸುತ್ತ ಚನ್ನಪಟ್ಟಣ, ಮಾಗಡಿ, ಸಾವನದುರ್ಗ, ರಾಮಗಿರಿಗಳನ್ನು ಸುತ್ತಿದ. ಚನ್ನಪಟ್ಟಣದ ಗಾಜಿನ ಬಳೆಗಳು, ವೀಣೆಯಂತಹ ವಾದ್ಯಗಳಿಗೆ ಬಳಸುವ ಉಕ್ಕಿನ ತಂತಿಗಳು, ಮಾಗಡಿ ಸೀಮೆಯ ಕಬ್ಬಿಣದ ಕುಲುಮೆಗಳು ಆತನ ಗ್ರಂಥದಲ್ಲಿ ದಾಖಲಾಗಿವೆ.

ಈ ಮೂವರಂತೆ ಕ್ಲೋಸ್ ಅಳೆಯಲಿಲ್ಲ, ಬರೆದಿಡಲಿಲ್ಲ. ಆದರೂ ಬೆಟ್ಟಸಾಲಿಗೆ ಅಂಟಿಕೊಂಡದ್ದು ಈತನ ಹೆಸರು.

ಪುಣೆ ಮತ್ತು ಕೊನೆಯ ವರ್ಷಗಳು

1801ರಲ್ಲಿ ಕ್ಲೋಸ್ ಮೈಸೂರನ್ನು ಬಿಟ್ಟು ಪುಣೆಯ ಪೇಶ್ವೆ ದರ್ಬಾರಿಗೆ ರೆಸಿಡೆಂಟ್ ಆಗಿ ವರ್ಗವಾದ. ಮೈಸೂರಿನಲ್ಲಿ ಈತನ ಸ್ಥಾನಕ್ಕೆ ಜೋಸಯ್ಯ ವೆಬ್ ಬಂದ. 1802ರ ಅಕ್ಟೋಬರ್ 25ರಂದು ಯಶವಂತರಾವ್ ಹೋಳ್ಕರ್ ಪುಣೆಯ ಬಳಿ ಪೇಶ್ವೆ ಮತ್ತು ಸಿಂಧಿಯಾ ಸೇನೆಗಳನ್ನು ಸೋಲಿಸಿದಾಗ ಎರಡನೆಯ ಬಾಜಿರಾಯ ಪುಣೆಯಿಂದ ಓಡಿಹೋದ. ಅದೇ ವರ್ಷದ ಡಿಸೆಂಬರ್ 31ರಂದು ವಸಾಯಿಯಲ್ಲಿ ಪೇಶ್ವೆಯಿಂದ ಒಪ್ಪಂದಕ್ಕೆ ಸಹಿ ಪಡೆದವನು ಕ್ಲೋಸ್. ಮರಾಠ ಅಧಿಕಾರದ ಅಂತ್ಯ ಈ ಕಾಗದದಿಂದಲೇ ಆರಂಭವಾಯಿತೆಂದು ಇತಿಹಾಸಕಾರರು ಪರಿಗಣಿಸುತ್ತಾರೆ. ಕ್ಲೋಸ್‌ನ ವೃತ್ತಿಜೀವನದಲ್ಲಿ ಅತ್ಯಂತ ಪರಿಣಾಮಕಾರಿಯಾದ ಕೆಲಸವೂ ಇದೇ. ಹಾಗಿದ್ದೂ ಮಹಾರಾಷ್ಟ್ರದ ಯಾವ ಬೆಟ್ಟಸಾಲಿಗೂ ಈತನ ಹೆಸರು ಬರಲಿಲ್ಲ.

1809ರಲ್ಲಿ ಮದರಾಸು ಸೇನೆಯ ಅಧಿಕಾರಿಗಳು ದಂಗೆಯೆದ್ದಾಗ ಹೈದರಾಬಾದಿನ ಪಡೆಯನ್ನು ಹತೋಟಿಗೆ ತರಲು ಕ್ಲೋಸ್‌ನನ್ನು ಕಳುಹಿಸಲಾಯಿತು. ಅನಂತರ ಅಮೀರ್ ಖಾನನ ವಿರುದ್ಧ ಮಧ್ಯಭಾರತದ ಸಿರೋಂಜ್‌ವರೆಗೆ ಸೇನೆಯನ್ನು ನಡೆಸಿದ. 1810ರಲ್ಲಿ ಮೇಜರ್ ಜನರಲ್ ಆದ. ಪುಣೆಯಲ್ಲಿ ಈತನ ಸ್ಥಾನಕ್ಕೆ 1811ರಲ್ಲಿ ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್ ಬಂದ. ಇಂಗ್ಲೆಂಡಿಗೆ ಮರಳಿದ ಕ್ಲೋಸ್‌ಗೆ 1812ರ ಡಿಸೆಂಬರ್ 12ರಂದು ಬ್ಯಾರೊನೆಟ್ ಪದವಿ ದೊರೆಯಿತು. ಆ ಪದವಿಯೊಂದಿಗೆ ಸೇರಿದ ಸ್ಥಳನಾಮ ಐರ್ಲೆಂಡಿನದಲ್ಲ, ಮೈಸೂರಿನದು. ಮೈಸೂರು ಸೀಮೆಯ ಊರೊಂದು ಈತನ ಹೆಸರನ್ನು ಹೊತ್ತಂತೆ ಈತನೂ ಮೈಸೂರಿನ ಹೆಸರನ್ನು ಹೊತ್ತ. ಆದರೆ ನಾಲ್ಕೇ ತಿಂಗಳಲ್ಲಿ, 1813ರ ಏಪ್ರಿಲ್‌ನಲ್ಲಿ ನಿಧನನಾದ. ಉತ್ತರಾಧಿಕಾರಿಯಿಲ್ಲದ ಕಾರಣ ಪದವಿಯೂ ಅಲ್ಲಿಗೆ ಕೊನೆಗೊಂಡಿತು.

ಬೆಟ್ಟಸಾಲಿಗೆ ಬಂದ ಹೆಸರು

ಕ್ಲೋಸ್ ತೀರಿಕೊಂಡು ಎಂಬತ್ತು ವರ್ಷಗಳಾದ ಮೇಲೆ, 1894ರಲ್ಲಿ, ಮೈಸೂರು ಸಂಸ್ಥಾನದಲ್ಲಿ ಭೂವಿಜ್ಞಾನ ಇಲಾಖೆ ಸ್ಥಾಪನೆಯಾಯಿತು. ಅದರ ಅಧಿಕಾರಿಗಳು ನಾಡಿನ ಶಿಲೆಗಳನ್ನು ನಕ್ಷೆಗೆ ಇಳಿಸುತ್ತ ಹೋದಂತೆ ಒಂದು ಸಂಗತಿ ಸ್ಪಷ್ಟವಾಯಿತು. ಕನಕಪುರ, ರಾಮನಗರ, ಮಾಗಡಿ, ಶಿವಗಂಗೆ, ದೇವರಾಯನದುರ್ಗ, ಮಧುಗಿರಿ, ಪಾವಗಡಗಳ ಬೆಟ್ಟಗಳು ಬಿಡಿಬಿಡಿಯಾಗಿ ಕಂಡರೂ ಬೇರೆ ಬೇರೆಯಲ್ಲ. ಅವು ದಕ್ಷಿಣೋತ್ತರವಾಗಿ ಚಾಚಿದ ಒಂದೇ ಗ್ರಾನೈಟ್ ಪಟ್ಟಿಯ ಭಾಗಗಳು. ಇದರ ಉದ್ದ ಸುಮಾರು 400 ಕಿಲೋಮೀಟರ್, ಅಗಲ ಹೆಚ್ಚಿನ ಕಡೆ 20ರಿಂದ 30 ಕಿಲೋಮೀಟರ್. ಸುತ್ತಲಿನ ನೈಸ್ ಶಿಲೆ ಇದಕ್ಕಿಂತ ಹಳೆಯದು. ಸುಮಾರು 250 ಕೋಟಿ ವರ್ಷಗಳ ಹಿಂದೆ ಭೂಮಿಯ ಆಳದ ಶಿಲಾಪಾಕ ಆ ಹಳೆಯ ಶಿಲೆಯನ್ನು ಸೀಳಿಕೊಂಡು ಮೇಲೇರಿ, ನೆಲದೊಳಗೇ ನಿಧಾನವಾಗಿ ತಣಿದು ಈ ಗ್ರಾನೈಟ್ ಆಯಿತು. ನಿಧಾನವಾಗಿ ತಣಿದುದರಿಂದಲೇ ಗುಲಾಬಿ ಬಣ್ಣದ ದೊಡ್ಡ ಹರಳುಗಳು ಬರಿಗಣ್ಣಿಗೆ ಕಾಣುತ್ತವೆ. ಮೇಲಿನ ಹೊದಿಕೆ ಕೋಟ್ಯಂತರ ವರ್ಷಗಳಲ್ಲಿ ಸವೆದುಹೋದಾಗ ಒಳಗಿನ ಬಂಡೆ ಹೊರಬಂದು, ಈರುಳ್ಳಿಯ ಸಿಪ್ಪೆಯಂತೆ ಪದರ ಕಳಚುತ್ತ, ಸಾವನದುರ್ಗದಂತಹ ಬೋಳು ಗುಮ್ಮಟಗಳು ರೂಪುಗೊಂಡವು.

ಒಂದು ಶಿಲೆಯನ್ನು ಅದು ಚೆನ್ನಾಗಿ ಕಾಣಸಿಗುವ ಊರಿನ ಹೆಸರಿನಿಂದ ಕರೆಯುವುದು ಭೂವಿಜ್ಞಾನದ ರೂಢಿ. ಹೆದ್ದಾರಿಯ ಮೇಲೂ ರೈಲುದಾರಿಯ ಮೇಲೂ ಇದ್ದ ಕ್ಲೋಸ್‌ಪೇಟೆಯಲ್ಲಿ ಈ ಶಿಲೆ ಎದ್ದು ಕಾಣುತ್ತಿದ್ದುದರಿಂದ ಕ್ಲೋಸ್‌ಪೇಟೆ ಗ್ರಾನೈಟ್ ಎಂಬ ಹೆಸರು ಬಂದಿತು. ಇಲಾಖೆಯ ನಿರ್ದೇಶಕ ಸ್ಮೀತ್ 1916ರಲ್ಲಿ ಪ್ರಕಟಿಸಿದ ಮೈಸೂರಿನ ಭೂವೈಜ್ಞಾನಿಕ ಇತಿಹಾಸದ ರೂಪರೇಖೆಯಲ್ಲಿ ಈ ಶಿಲೆಗೆ ಪ್ರತ್ಯೇಕ ಸ್ಥಾನ ದೊರೆತಿದೆ. ಹೆಸರಿಟ್ಟವರ ಮನಸ್ಸಿನಲ್ಲಿದ್ದುದು ಊರು, ರೆಸಿಡೆಂಟ್ ಅಲ್ಲ. ಪೂರ್ಣಯ್ಯನವರ ಕಾಣಿಕೆ ಹೀಗೆ ಅವರು ಎಣಿಸದ ದಾರಿಯಲ್ಲಿ ಪೇಟೆಯಿಂದ ಬೆಟ್ಟವನ್ನೇರಿತು.

ಎವರೆಸ್ಟ್ ಶಿಖರದ ನಾಮಕರಣ ಇದಕ್ಕಿಂತ ಭಿನ್ನ. ಬೆಂಗಳೂರಿನಿಂದ ಕೆಲಸ ಆರಂಭಿಸಿದ ಲ್ಯಾಂಬ್ಟನ್‌ಗೆ 1818ರಲ್ಲಿ ಸಹಾಯಕನಾಗಿ ಬಂದ ಜಾರ್ಜ್ ಎವರೆಸ್ಟ್‌ನ ಹೆಸರನ್ನು 1865ರಲ್ಲಿ ಉದ್ದೇಶಪೂರ್ವಕವಾಗಿ ಆ ಶಿಖರಕ್ಕೆ ಇಡಲಾಯಿತು. ಸ್ಥಳೀಯರು ತನ್ನ ಹೆಸರನ್ನು ಉಚ್ಚರಿಸಲಾರರೆಂದು ಎವರೆಸ್ಟನೇ ಆಕ್ಷೇಪಿಸಿದ್ದ. ಅಂಟಾರ್ಕ್ಟಿಕದ ಬೆಟ್ಟಸಾಲುಗಳಿಗೆ ಅನ್ವೇಷಕರ, ಅಧಿಕಾರಿಗಳ, ಧನಸಹಾಯ ಮಾಡಿದವರ ಹೆಸರುಗಳನ್ನಿಟ್ಟಾಗ ಆಕ್ಷೇಪಿಸಲು ಅಲ್ಲಿ ನಿವಾಸಿಗಳೇ ಇರಲಿಲ್ಲ. ರಾಮಗಿರಿಯ ಬುಡದಲ್ಲಿ ಜನರಿದ್ದರು, ಹೆಸರುಗಳೂ ಇದ್ದವು. ಆದರೆ ಒಂದೊಂದು ಬೆಟ್ಟಕ್ಕೂ ಹೆಸರಿದ್ದ ಈ ಸೀಮೆಯಲ್ಲಿ ಇಡೀ ಸಾಲಿಗೆ ಒಂದೇ ಹೆಸರಿರಲಿಲ್ಲ. ಅದು ಒಂದೇ ಸಾಲೆಂಬುದು ತಿಳಿದದ್ದು ನಕ್ಷೆಯಾದ ಮೇಲೆ.

ಹೆಸರು ಬದಲಾದುದು, ಬದಲಾಗದುದು

ಈ ಸೀಮೆಯವರೇ ಆದ ಕೆಂಗಲ್ ಹನುಮಂತಯ್ಯನವರು 1952ರಲ್ಲಿ ಮೈಸೂರು ರಾಜ್ಯದ ಮುಖ್ಯಮಂತ್ರಿಯಾದರು. ಕ್ಲೋಸ್‌ಪೇಟೆ ರಾಮನಗರವಾದುದು ಅವರ ಪ್ರಯತ್ನದಿಂದ. ಹಿರೋಡೆಗೆ ಅಂಟಿದ್ದ ಫ್ರೆಂಚ್ ರಾಕ್ಸ್ ಎಂಬ ಹೆಸರೂ ಹೋಗಿ ಅದು ಪಾಂಡವಪುರವಾಯಿತು. ಹನುಮಂತಯ್ಯನವರು ಕಟ್ಟಿಸಿದ ವಿಧಾನಸೌಧದ ಅಲಂಕಾರಕ್ಕೆ ಬಳಸಿದ ಶಿಲೆಗಳಲ್ಲಿ ಮಾಗಡಿಯ ಗುಲಾಬಿ ಕಲ್ಲೂ ಒಂದು. ಊರಿನಿಂದ ಕ್ಲೋಸ್‌ನ ಹೆಸರನ್ನು ತೆಗೆಸಿದವರೇ ಕ್ಲೋಸ್‌ಪೇಟೆ ಗ್ರಾನೈಟಿನ ಸೀಮೆಯ ಕಲ್ಲನ್ನು ರಾಜ್ಯದ ಶಾಸನಸಭೆಯ ಕಟ್ಟಡಕ್ಕೆ ತಂದರು.

ಅದೇ ದಶಕದಲ್ಲಿ, 1956ರಲ್ಲಿ, ಕನ್ನಡಿಗ ಭೂವಿಜ್ಞಾನಿ ಬಿ.ಪಿ. ರಾಧಾಕೃಷ್ಣ ಅವರು ಮೈಸೂರು ರಾಜ್ಯದ ಕ್ಲೋಸ್‌ಪೇಟೆ ಗ್ರಾನೈಟುಗಳನ್ನು ಕುರಿತ ತಮ್ಮ ಗ್ರಂಥವನ್ನು ಪ್ರಕಟಿಸಿದರು. ಹಳೆಯ ಹೆಸರನ್ನೇ ಉಳಿಸಿಕೊಂಡರು. ಮೊದಲು ಪ್ರಕಟವಾದ ಹೆಸರಿಗೆ ವಿಜ್ಞಾನದಲ್ಲಿ ಮನ್ನಣೆಯಿರುವುದರಿಂದ ಊರಿನ ಹೆಸರು ಬದಲಾದ ಮಾತ್ರಕ್ಕೆ ಶಿಲೆಯ ಹೆಸರನ್ನು ಬದಲಿಸಿದರೆ ಹಿಂದಿನ ಬರಹಗಳನ್ನು ಓದುವವರಿಗೆ ಗೊಂದಲವಾಗುತ್ತದೆ. ರಾಮನಗರ ಗ್ರಾನೈಟ್ ಎಂದು ಕರೆಯಬೇಕೆಂಬ ಅಪೇಕ್ಷೆ ಸಹಜವಾದರೂ ಈ ತೊಡಕನ್ನು ಮರೆಯುವಂತಿಲ್ಲ. ಈ ಪಟ್ಟಿಯ ದಕ್ಷಿಣ ತುದಿಯ ಸೀಮೆಯಲ್ಲಿ, ಕನಕಪುರ ತಾಲ್ಲೂಕಿನ ಕಬ್ಬಾಳದುರ್ಗದ ಬಳಿ, ನೈಸ್ ಶಿಲೆ ಚಾರ್ನೊಕೈಟ್ ಆಗಿ ಮಾರ್ಪಡುವ ಹಂತವನ್ನೇ ಕಾಣಬಹುದೆಂದು ಸಿ.ಎಸ್. ಪಿಚ್ಚಮುತ್ತು 1960ರಲ್ಲಿ ತೋರಿಸಿಕೊಟ್ಟರು. ಅಂದಿನಿಂದ ದೇಶವಿದೇಶಗಳ ಭೂವಿಜ್ಞಾನಿಗಳು ಇಲ್ಲಿಗೆ ಬರುತ್ತಿದ್ದಾರೆ.

ಸಾಮಾನ್ಯ ಜನರಿಗೆ ಈ ಬೆಟ್ಟಗಳು ಬೇರೆಯೇ ಹೆಸರುಗಳಿಂದ ಪರಿಚಿತ. 1975ರಲ್ಲಿ ಬಿಡುಗಡೆಯಾದ ಶೋಲೆ ಹಿಂದಿ ಚಲನಚಿತ್ರದಲ್ಲಿ ಇವು ರಾಮ್‌ಗಢದ ಬೆಟ್ಟಗಳಾದವು. ಡೇವಿಡ್ ಲೀನ್‌ನ ಎ ಪ್ಯಾಸೇಜ್ ಟು ಇಂಡಿಯಾ ಚಿತ್ರದಲ್ಲಿ (1984) ಸಾವನದುರ್ಗ ಮತ್ತು ರಾಮದೇವರ ಬೆಟ್ಟದ ಬಂಡೆಗಳು ಮಾರಬಾರ್ ಬೆಟ್ಟಗಳಾದವು. 2012ರಲ್ಲಿ ರಾಮದೇವರ ಬೆಟ್ಟವನ್ನು ರಣಹದ್ದುಗಳ ಧಾಮವೆಂದು ಘೋಷಿಸಲಾಯಿತು.

ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳನ್ನು ಬೆಂಗಳೂರು ಗ್ರಾಮಾಂತರ ಜಿಲ್ಲೆಯಿಂದ ಬೇರ್ಪಡಿಸಿ 2007ರಲ್ಲಿ ರಾಮನಗರ ಜಿಲ್ಲೆಯನ್ನು ರಚಿಸಲಾಯಿತು. 2025ರ ಮೇ ತಿಂಗಳಲ್ಲಿ ರಾಜ್ಯ ಸಚಿವ ಸಂಪುಟ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂಬ ಹೆಸರಿಡಲು ಒಪ್ಪಿಗೆ ನೀಡಿತು. ಪಟ್ಟಣದ ಹೆಸರು ರಾಮನಗರವೆಂದೇ ಉಳಿದಿದ್ದು, ಜಿಲ್ಲೆಯ ಕೇಂದ್ರವೂ ಅದೇ ಆಗಿದೆ.